ಶನಿಯಾರನ ಗಂಟು

ಹೊನ್ನಾವರದಿಂದ ಭಟ್ಕಳಕ್ಕೆ ಹೊಸ ರಸ್ತೆ ಕಡಿಯುತ್ತಿದ್ದ ಕಾಲದಲ್ಲಿ, ಕಡಿದಾದ ಬಂಡೆಗೆ ಇಳಿದು ಸಿಡಿಮದ್ದಿನ ಕುಳಿ ಕೊರೆಯುವವರ ಸೊಂಟಕ್ಕೆ ಹಗ್ಗ ಬಿಗಿಯುವ ಕೆಲಸ ಶನಿಯಾರನದಾಗಿತ್ತು. ಮದುಮಗನಿಗೆ ಬಾಸಿಂಗ ಕಟ್ಟುವುದಕ್ಕೂ ಇಷ್ಟು ಹೊತ್ತು ಬೇಡ ಎಂದು ಜನ ನಗುತ್ತಿದ್ದರು. ಸೊಂಟಕ್ಕೆ ಎರಡು ಸುತ್ತು, ತೊಡೆಗಳಿಗೆ ಒಂದೊಂದು ಸುತ್ತು, ಗಂಟು, ಗಂಟಿನ ಮೇಲೊಂದು ಗಂಟು, ಆಮೇಲೆ ಮೊಂಡ ಎತ್ತನ್ನು ಜಗ್ಗಿದಂತೆ ಜಗ್ಗಿ, "ಉಸ್ರು ಆಡ್ತದ್ಯಾ? ಹಂಗಾರೆ ಇನ್ನೊಂದ್ ಚೂರು ಬಿಗೀಬೇಕು" ಎನ್ನುವನು. ಕಟ್ಟುವಾಗ ಮಾತ್ರ ಅವನಿಗೆ ಕಿವಿಯೇ ಇರುತ್ತಿರಲಿಲ್ಲ. ಒಮ್ಮೆ ಓವರ್‌ಸಿಯರರೇ ಕೆಳಗಿನಿಂದ ಮೂರು ಸಲ ಕೂಗಿದರು. ಶನಿಯಾರ ತಿರುಗಲಿಲ್ಲ, ಅರ್ಧ ಕಟ್ಟಿದ್ದನ್ನು ಪೂರ್ತಿ ಬಿಚ್ಚಿ ಮೊದಲಿನಿಂದ ಕಟ್ಟಿದ. ಏದುಸಿರು ಬಿಡುತ್ತ ಮೇಲೆ ಹತ್ತಿ ಬಂದ ಅವರು, "ಎಂತ, ಕಿವಿ ಕೇಳೂದಿಲ್ವಾ? ನಾಳೆಯಿಂದ ಬರೂದು ಬೇಡ" ಎಂದು ರೇಗಿದಾಗ ಅವನು ತಲೆ ತಗ್ಗಿಸಿ, "ಹೋದ ವರ್ಷ ಬೊಮ್ಮನಿಗೆ ಕಟ್ತಾ ಇದ್ದಾಗ ಯಾರೋ ಕರದ್ರು, ಒಡೆಯಾ. ಓ ಅಂದೆ. ಗಂಟು ಅರ್ಧಕ್ಕೇ ಉಳೀತು" ಎಂದ. ಬೊಮ್ಮ ಅಲ್ಲೇ, ಬಿದ್ದು ಸೊಟ್ಟಗಾದ ಕಾಲನ್ನು ಚಾಚಿ ಕೂತು ಉಳಿ ಮಸೆಯುತ್ತಿದ್ದ. ಓವರ್‌ಸಿಯರರು ಆ ಕಾಲನ್ನೊಮ್ಮೆ ನೋಡಿ, ಬಂದ ದಾರಿಯಲ್ಲೇ ಕೆಳಗಿಳಿದರು. ಶನಿಯಾರ ತಾನೇ ಬಂಡೆಗೆ ಇಳಿಯಬೇಕಾದ ದಿನ ಹಗ್ಗ ಕಟ್ಟಿಕೊಂಡು ಬೊಮ್ಮನೆದುರು ಎರಡೂ ಕೈ ಮೇಲೆತ್ತಿ ನಿಲ್ಲುತ್ತಿದ್ದ. ಬೊಮ್ಮ ಕೂತಲ್ಲಿಂದಲೇ ಗಂಟನ್ನು ಬೆರಳಿನಿಂದ ತಡವಿ, ಎರಡು ಸಲ ಎಳೆದು, "ಆತು, ಹೋಗು" ಎಂದ ಮೇಲೆಯೇ ಅವನು ಅಂಚಿನಿಂದ ಕಾಲು ಇಳಿಬಿಡುತ್ತಿದ್ದದ್ದು.