ಹುಳಕ್ಕೆ ಕಾಲು ಕಟ್ಟುವವನು

ಬೊರಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಎದುರು ಮನೆಯವನು ಮೀನಿಗೆ ಮೋಸ ಮಾಡಲು ಗರಿಯಿಂದ ಸುಳ್ಳು ಹುಳ ಮಾಡುತ್ತಿದ್ದ. ಗರಿಯ ಎಳೆಗೆ ಸೂಜಿಯಿಂದ ಗಂಟು ಹಾಕಿ, ಮೊಣಕಾಲು ಮಡಚಿದಂಥ ಕಾಲು ಮಾಡಿ, ಗಾಳದ ಕೊಕ್ಕೆಗೆ ದಾರದಿಂದ ಬಿಗಿಯುತ್ತಿದ್ದ. ಯಾರು ಒಳಗೆ ಬಂದರೂ ಅವನದು ಒಂದೇ ಮಾತು: "ಫ್ಯಾನ್ ಹಾಕ್ಬೇಡಿ ಮಾರಾಯ್ರೇ, ಕಾಲು ಹಾರ್ತದೆ."

ಮೇ ತಿಂಗಳ ಸೆಕೆಯಲ್ಲಿ ಅವನ ಹೆಂಡತಿಗೆ ಜ್ವರ ಬಂತು. ಗಂಜಿ ಕೊಡಲು ಹೋದೆ. ಅವಳು ಮಂಚದಲ್ಲಿ ಬೆವರಿನಿಂದ ತೊಯ್ದು ಉಸಿರಿಗೆ ಚಡಪಡಿಸುತ್ತಿದ್ದಳು. ಫ್ಯಾನು ನಿಂತೇ ಇತ್ತು. ಇವನು ಕಾಲು ಕಟ್ಟುತ್ತ ಕೂತಿದ್ದ. ನನಗೆ ಮೈಯೆಲ್ಲ ಉರಿಯಿತು.

"ಹುಳಕ್ಕಿರೋ ಬೆಲೆ ಹೆಂಡ್ತಿಗಿಲ್ವೇನೋ?" ಎಂದು ಸ್ವಿಚ್ಚು ಒತ್ತಿದೆ. ಕಾಲುಗಳೆಲ್ಲ ಹಾರಿದವು. "ಅಯ್ಯೋ ಅಕ್ಕಾ!" ಎಂದು ಅವನು ಮಂಚದಡಿ ತೂರಿ ಹೆಕ್ಕತೊಡಗಿದ.

ಮಂಚದ ಮೇಲಿನಿಂದ ಅವಳೆಂದಳು: "ಇನ್ನೂ ಜೋರು ಮಾಡಿ ಅಕ್ಕಾ."