ಇನ್ನೊಂದು ಕೈ ಉಳಿದೈತಿ

ಮೊನ್ನೆ ಸಂಜೆ ಡ್ಯೂಟಿ ಮುಗಿಯುವ ಹೊತ್ತಿಗೆ ಮೇಜಿನ ಡ್ರಾಯರಿನಲ್ಲಿ ಗುಂಡುಪಿನ್ನು ಹುಡುಕುತ್ತಿದ್ದೆ. ಬೆರಳಿಗೆ ಏನೋ ಚುಚ್ಚಿತು. ಪಿನ್ನೇ ಸಿಕ್ಕಿತೆಂದು ಹೊರಗೆ ತೆಗೆದರೆ ಹಸಿರು ಗಾಜಿನ ಚೂರು. ಒಂದು ತುದಿ ಮಾತ್ರ ಚೂಪು, ಇನ್ನೊಂದು ತುದಿ ಸವೆದು ನುಣುಪಾಗಿತ್ತು. ಬೆರಳಿನ ರಕ್ತ ಒರೆಸಿಕೊಳ್ಳುವುದನ್ನು ಬಿಟ್ಟು ಅದನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತ ಕುಳಿತೆ. "ಮೇಡಮ್ಮಾರ, ಸಿಕ್ಕಾ ಹೊಡೀರಿ, ಲೇಟ್ ಆಗಾಕತ್ತೈತಿ," ಎಂದು ಕಿಟಕಿಯಾಚೆಯಿಂದ ಕಂಡಕ್ಟರ್ ಒಬ್ಬ ಅಂದ. ಲೇಟ್ ಅನ್ನುವ ಮಾತನ್ನು ನನಗೇ ಹೇಳುವ ಕಾಲ ಬಂತಲ್ಲ ಎಂದು ನಗು ಬಂತು. ಅವನ ಚೀಟಿಗೆ ಮೊಹರಿನ ಸಿಕ್ಕಾ ಹೊಡೆದು ಕಳಿಸಿದೆ. ಚೂರು ಕೈಯಲ್ಲೇ ಉಳಿಯಿತು.

ನಾನು ಇಳಕಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಬಸ್ಸುಗಳ ವೇಳೆ ನೋಡುವವಳು. ಬಂದ ಬಸ್ಸಿನ ಹೊತ್ತು ಬರೆದುಕೊಳ್ಳಬೇಕು, ಹೊರಡುವ ಬಸ್ಸಿಗೆ ಸಿಕ್ಕಾ ಹೊಡೆಯಬೇಕು, ಮೈಕಿನಲ್ಲಿ ಕೂಗಿ ಹೇಳಬೇಕು. ನಮ್ಮ ಮನೆಯವರು ಡ್ರೈವರ್ ಆಗಿದ್ದರು, ಬಾದಾಮಿ ರೂಟಿನವರು. ಒಂದು ಮುಂಜಾನೆ ಚಹಾ ಕುಡಿಯುತ್ತ ಕುಳಿತವರು ಹಾಗೆಯೇ ಗೋಡೆಗೆ ಒರಗಿದರು, ಮತ್ತೆ ಏಳಲಿಲ್ಲ. ಲೋಟದಲ್ಲಿ ಚಹಾ ಇನ್ನೂ ಬಿಸಿ ಇತ್ತು. ಅವರ ನೌಕರಿಯ ಬದಲಿಗೆ ನನಗೆ ಈ ಕುರ್ಚಿ ಸಿಕ್ಕಿತು. ಕಾಗದಪತ್ರ ಬೇಗ ಆದವು, ಹಾಜರಾಗು ಅಂದರು, ಹಾಜರಾದೆ. ದಿನಾ ನಾನು ಮೈಕಿನಲ್ಲಿ ಕೂಗಬೇಕಾದ ಬಸ್ಸುಗಳಲ್ಲಿ ಅವರು ಓಡಿಸುತ್ತಿದ್ದ ಬಸ್ಸೂ ಒಂದು.

ಆಗ ಸ್ಟ್ಯಾಂಡಿನ ಗೇಟಿನ ಪಕ್ಕ, ಕಂಪೌಂಡ್ ಗೋಡೆಗೆ ಆತು, ಒಂದು ಬಳೆ ಅಂಗಡಿ ಇತ್ತು. ಅಂಗಡಿ ಅಂದರೆ ಒಂದು ತಗಡಿನ ನೆರಳು, ಗಾಜಿನ ಪೆಟ್ಟಿಗೆ, ಎರಡು ಮಣೆ. ಅದರ ಒಡತಿಯನ್ನು ಎಲ್ಲರೂ ಖಾಲಾ ಅನ್ನುತ್ತಿದ್ದರು. ಮುಸಲ್ಮಾನರ ಮನೆಗಳಲ್ಲಿ ಚಿಕ್ಕಮ್ಮನನ್ನು ಹಾಗೆ ಕರೆಯುತ್ತಾರಂತೆ. ಸ್ಟ್ಯಾಂಡಿಗೆ ಬಂದ ಎಲ್ಲ ಹೆಣ್ಣುಮಕ್ಕಳಿಗೆ ಅವಳು ಚಿಕ್ಕಮ್ಮನೇ ಆಗಿಬಿಟ್ಟಿದ್ದಳು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದಿನ ಧಡಧಡ ಕಿಟಕಿ ಬಡಿದಳು.

"ಏ ಟೈಮ್ ಬಾಯಿ! ಆ ಹುನಗುಂದ ಬಸ್ಸು ಬಿಡಬ್ಯಾಡ. ನನ್ನ ಗಿರಾಕಿ ಅದರಾಗ ಹೋಗಬೇಕು. ಒಂದು ಕೈ ಆಗೇತಿ, ಇನ್ನೊಂದು ಕೈ ಉಳಿದೈತಿ."

"ಬಳಿ ಸಲುವಾಗಿ ಬಸ್ಸು ನಿಲ್ಸೂದಿಲ್ರಿ," ಅಂದೆ.

"ಒಂದ ಕೈಗೆ ಬಳಿ ಹಾಕ್ಕೊಂಡು ಹೆಣ್ಮಗಳು ಊರಿಗೆ ಹೆಂಗ ಹೋಗ್ತಾಳು? ನೀ ಹೋಗ್ತಿಯೇನು?" ಅಂದಳು. ಅಷ್ಟರಲ್ಲಿ ಅವಳ ಕಣ್ಣು ನನ್ನ ಮುಂಗೈ ಮೇಲೆ ಬಿತ್ತು. ಎಡಗೈಯಲ್ಲಿ ನಮ್ಮ ಮನೆಯವರ ಸ್ಟೀಲಿನ ಗಡಿಯಾರ, ಬಲಗೈ ಬರಿದು. ಖಾಲಾ ಕಿಟಕಿ ಬಿಟ್ಟು ತನ್ನ ಮಣೆಗೆ ಮರಳಿದಳು. ಬಸ್ಸು ಹೋಯಿತು. ಅವಳ ಗಿರಾಕಿ ಮುಂದಿನ ಬಸ್ಸಿಗೆ ಎರಡೂ ಕೈ ತುಂಬಿಸಿಕೊಂಡು ಹೋದಳು. ನನಗೆ ಅಂದಿನಿಂದ ಟೈಮ್ ಬಾಯಿ ಅನ್ನುವ ಹೆಸರು ಗಟ್ಟಿಯಾಯಿತು.

ಅವಳು ಬಳೆ ತೊಡಿಸುವ ರೀತಿಯೇ ಬೇರೆ ಇತ್ತು. ಮೊದಲು ಬಳೆ ತೋರಿಸುತ್ತಿರಲಿಲ್ಲ, ಕೈ ಹಿಡಿಯುತ್ತಿದ್ದಳು. ಬೆರಳುಗಳನ್ನು ಕೂಡಿಸಿ ಒತ್ತಿ, ಹೆಬ್ಬೆರಳ ಬುಡದ ಗುಬುಟನ್ನು ಹಿಟ್ಟು ನಾದಿದಂತೆ ನಾದಿ, ಯಾವ ಊರು, ಇವತ್ತು ಏನು ಪಲ್ಯ ಮಾಡಿ ಬಂದೆ, ಅತ್ತೆ ಇದ್ದಾಳೋ ಎಂದು ಮಾತಿಗೆಳೆಯುತ್ತಿದ್ದಳು. ಮಾತಿನಲ್ಲಿ ಮೈಮರೆತಾಗ ಬಳೆ ತಾನೇ ಒಳಗೆ ಹೋಗಿರುತ್ತಿತ್ತು. ಬಸ್ಸಿಗೆ ಅವಸರ ಮಾಡುವವರ ಕೈ ಬಿಗಿಯುತ್ತದೆ, ಬಿಗಿದ ಕೈಗೆ ಬಳೆ ಏರಿಸಿದರೆ ಗಾಜು ಒಡೆದು ಚರ್ಮ ಹರಿಯುತ್ತದೆ. ಅಂಥವರನ್ನು ಎಬ್ಬಿಸಿ ಕಳಿಸುತ್ತಿದ್ದಳು. ಹಾಗಂತ ತಾಳ್ಮೆಯ ಮೂರ್ತಿ ಏನಲ್ಲ. ಚಹಾ ತರುವುದು ತಡವಾದರೆ ಹೋಟೆಲಿನವನ ಏಳು ತಲೆಮಾರು ತೆಗೆಯುತ್ತಿದ್ದಳು. ಅವಳ ಬೈಗಳು ನನ್ನ ಮೈಕಿನೊಳಗೆ ಹೊಕ್ಕು ಇಡೀ ಸ್ಟ್ಯಾಂಡಿಗೆ ಕೇಳಿಸಿದ್ದೂ ಉಂಟು.

ನನ್ನ ಆ ದಿನಗಳನ್ನು ಈಗ ನೆನೆದರೆ... ನಾನು ಗಡಿಯಾರಕ್ಕೇ ನನ್ನನ್ನು ಕಟ್ಟಿಹಾಕಿಕೊಂಡಿದ್ದೆ. ಏಳುವುದು, ರೊಟ್ಟಿ, ಮಗಳ ಜಡೆ, ಅವಳನ್ನು ಶಾಲೆಗೆ ಬಿಡುವುದು, ಡ್ಯೂಟಿ, ಮತ್ತೆ ಒಲೆ. ನಡುವೆ ಒಂದು ಗಳಿಗೆ ಖಾಲಿ ಉಳಿಯಬಾರದು. ಖಾಲಿ ಉಳಿದರೆ ಆ ಚಹಾದ ಲೋಟ ಕಣ್ಣ ಮುಂದೆ ಬರುತ್ತಿತ್ತು. ಟೈಮ್ ಹೋದಂಗ ಎಲ್ಲಾ ಸರಿ ಹೋಗ್ತೈತಿ ಎಂದು ಬಂದವರೆಲ್ಲ ಹೇಳಿದ್ದರು. ಹೌದೇನೋ ಅಂದುಕೊಂಡು ನಾನು ಆ ಟೈಮನ್ನು ಬೆನ್ನಟ್ಟಿ ಓಡಿಸುತ್ತಿದ್ದೆ. ಬೇಗ ಹೋಗಲಿ, ಬೇಗ ಸರಿಯಾಗಲಿ ಎಂದು. ಎದ್ದಾಗ ಎರಡೂ ಮುಷ್ಟಿ ಬಿಗಿದಿರುತ್ತಿದ್ದವು, ಬೆರಳು ಬಿಡಿಸಿಕೊಳ್ಳಲು ನೋವಾಗುತ್ತಿತ್ತು. ಒಮ್ಮೆಯೂ ಅಳಲಿಲ್ಲ. ನೋಡಿದವರು ಗಟ್ಟಿಗಿತ್ತಿ ಅಂದರು, ನಾನೂ ನಂಬಿದೆ.

ನಂಬದವಳು ಮಗಳೊಬ್ಬಳೇ. ಆಗ ಕನ್ನಡ ಶಾಲೆಯ ಸಣ್ಣ ತರಗತಿಯಲ್ಲಿದ್ದಳು. ಒಂದು ಸಂಜೆ ಊಟಕ್ಕೆ ಕರೆದಾಗ ಬಾಗಿಲ ಹಿಂದೆ ನಿಂತು ಅಂದಳು: "ಯವ್ವಾ, ನೀ ಮನ್ಯಾಗೂ ಮೈಕಿನ್ಯಾಗ ಮಾತಾಡಿದಂಗ ಮಾತಾಡ್ತಿ. ನಂಗ ಅಂಜಿಕಿ ಬರತೈತಿ." ಎಂದೂ ಆಟಕ್ಕೆ ಹಟ ಮಾಡದ, ಕತೆ ಹೇಳು ಎಂದು ಕೇಳದ, ಕರೆದ ಕೂಡಲೇ ಬಂದು ತಾಟಿನ ಮುಂದೆ ಕೂಡುವ ಮಗು. ನಾನು ಅದನ್ನು ಶಾಣ್ಯಾತನ ಅಂದುಕೊಂಡಿದ್ದೆ. ಅಪ್ಪ ಹೋದ ಮೇಲೆ ಅವ್ವನನ್ನೂ ಕಳೆದುಕೊಳ್ಳುತ್ತಿದ್ದಾಳೆ ಎಂದು ಅಂದು ಹೊಳೆದು ಹೆದರಿಕೆಯಾಯಿತು. ಆದರೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ನಾಗರ ಪಂಚಮಿ ಬಂತು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳಿಗೆ ಉಂಡಿ, ಜೋಕಾಲಿ, ಹೊಸ ಬಳೆ ಆಗಲೇಬೇಕು. ಮಗಳನ್ನು ಖಾಲಾನ ಮುಂದೆ ಕೂಡಿಸಿದೆ. ಎರಡೂ ಕೈ ತುಂಬ ಹಾಕಿ, ಮೇಲೊಂದು ಬಳೆ ಹೆಚ್ಚಿಗೆ ಹಾಕಿ, ಗಲ್ಲ ಹಿಂಡಿದಳು. ಮಗಳು ಕೈ ಝಣಝಣ ಅಲ್ಲಾಡಿಸುತ್ತ, "ನಮ್ಮವ್ವಗೂ ಹಾಕು," ಅಂದಳು. ಪಕ್ಕದಲ್ಲಿ ಕುಳಿತ ಗಿರಾಕಿಗಳೆಲ್ಲ ನನ್ನ ಬರಿಗೈ ನೋಡಿದರು. ನಮ್ಮ ಮನೆಯವರು ತೀರಿಕೊಂಡ ದಿನ ನನ್ನ ಬಳೆಗಳನ್ನು ಯಾರು ತೆಗೆದರು, ಹೇಗೆ ತೆಗೆದರು, ನನಗೆ ನೆನಪೇ ಇಲ್ಲ. ಎಲ್ಲವೂ ಅಷ್ಟು ಗಡಿಬಿಡಿಯಲ್ಲಿ ಆಗಿತ್ತು.

ಖಾಲಾ ನನ್ನ ಬಲಗೈ ಎಳೆದುಕೊಂಡಳು. ಒತ್ತಿ ನೋಡಿದಳು. "ಇದು ಕೈ ಅಲ್ಲವ್ವಾ, ಕಟಗಿ ಆಗೇತಿ. ಇದಕ್ಕ ಇವತ್ತ ಬಳಿ ಏರೂದಿಲ್ಲ," ಅಂದಳು. "ಮಧ್ಯಾಹ್ನ ನಿನ್ನ ಬಸ್ಸು ಕಡಿಮಿ ಇರ್ತಾವಲ್ಲ, ಬಂದು ಕುಂದ್ರು. ಬಳಿ ಹಾಕಾಕ ಅಲ್ಲ. ಸುಮ್ನ."

ಸುಮ್ಮನೆ ಕೂಡುವುದೆಂದರೆ ನನಗೆ ಮುಳ್ಳಿನ ಮೇಲೆ ಕೂತ ಹಾಗೆ. ಆದರೂ ಹೋದೆ, ಮಗಳ ಮಾತು ಕಿವಿಯಲ್ಲಿತ್ತು. ಜೊತೆಗೆ ಕೆಲಸ ಮಾಡುವವರಿಗೆ ಮೈಕು ಒಪ್ಪಿಸಿ, ಊಟದ ಬಿಡುವಿನಲ್ಲಿ ಹೋಗಿ ಮಣೆಯ ಮೇಲೆ ಕೂಡುತ್ತಿದ್ದೆ. ಖಾಲಾ ನನ್ನ ಕೈಗೆ ಚೂರು ಕೊಬ್ಬರಿ ಎಣ್ಣೆ ಹಚ್ಚಿ ನಾದುತ್ತಿದ್ದಳು. ತನ್ನ ಗಂಡ ಬಳೆಯ ಗಂಟು ಹೊತ್ತು ರಾಮಥಾಳದ ಕಡೆ ಹಳ್ಳಿ ತಿರುಗಿದ್ದು, ಅಮಾವಾಸ್ಯೆಗೆ ಮಹಾಕೂಟದ ಗುಡಿಗೆ ಹೋಗಿ ಹೊಂಡದ ಹತ್ತಿರ ಇಬ್ಬರೂ ಬಳೆ ಮಾರಿದ್ದು, ಅವನು ನೀರಿಗಿಳಿದು ಮೇಲೆ ಬರಲು ಒಪ್ಪದೆ ವ್ಯಾಪಾರವನ್ನೆಲ್ಲ ತನ್ನ ಮೇಲೆ ಹಾಕಿದ್ದು, ಎಲ್ಲ ಹೇಳುತ್ತಿದ್ದಳು. ನಾನು ಗಡಿಯಾರ ನೋಡಿದರೆ ಅದರ ಮೇಲೆ ಅಂಗೈ ಮುಚ್ಚುತ್ತಿದ್ದಳು.

"ಅಂವ ಹೋದಾಗ ನಾನೂ ಬಳಿ ತಗದಿದ್ದೆ," ಅಂದಳು ಒಂದು ದಿನ. "ನಮ್ಮ ಮಂದ್ಯಾಗ ಗಂಡ ಹೋದ್ರ ಇಷ್ಟು ದಿನ ಅಂತ ಮನ್ಯಾಗ ಕುಂದರಬೇಕು. ಅಂಗಡಿ ಬಂದ್ ಬಿದ್ದಿತ್ತು. ಎಷ್ಟು ಸಿಟ್ಟು ಬರ್ತಿತ್ತು ಗೊತ್ತೈತೇನು? ಗ್ವಾಡಿ ನೋಡಿ ನೋಡಿ ಹುಚ್ಚು ಹಿಡೀತೈತಿ ಅನಸ್ತಿತ್ತು. ಅಳೂದು, ಮಲಗೂದು, ಮತ್ತ ಅಳೂದು... ಖರೆ ಹೇಳ್ತೇನಿ, ಎದ್ದು ಬಂದಾಗ ಮೈ ಹಗುರಾಗಿತ್ತು. ನೀ ಒಂದಿನಾನೂ ಕುಂತಿಲ್ಲ ನೋಡವಾ. ನಿನ್ನ ಗಂಡ ಹೋದ, ನೀ ಡ್ಯೂಟಿಗೆ ಬಂದಿ."

ಹೆಂಗಸರನ್ನು ಕಟ್ಟುಪಾಡು ಹಾಕಿ ಮನೆಯಲ್ಲಿ ಕೂಡಿಸುವುದು ನನಗೆ ಒಪ್ಪಿಗೆಯಾಗದು, ಅಂದೂ ಅವಳೊಂದಿಗೆ ವಾದ ಹಾಕಿದೆ. ಅವಳೂ ಬಿಡಲಿಲ್ಲ. ಆದರೆ ಆ ಮಾತು ಎದೆಗೆ ನಾಟಿತು. ನನಗೆ ಯಾರೂ ಕೂಡು ಅಂದಿರಲಿಲ್ಲ. ಎದ್ದೇಳು, ಗಟ್ಟಿಯಾಗು, ಮಗಳ ಮುಖ ನೋಡು ಎಂದೇ ಎಲ್ಲರೂ ಅಂದಿದ್ದರು.

ಮತ್ತೊಂದು ಮಧ್ಯಾಹ್ನ. ಖಾಲಾನ ಕೈಯಲ್ಲಿ ನನ್ನ ಕೈ ಇತ್ತು. ಬಿಸಿಲಿಗೆ ತಗಡು ಚಟಚಟ ಅನ್ನುತ್ತಿತ್ತು. ಮೈಕಿನಲ್ಲಿ ಜೊತೆಯವರ ದನಿ ಬಂತು: ಹುನಗುಂದ, ಅಮೀನಗಡ, ಗುಳೇದಗುಡ್ಡ ಮಾರ್ಗವಾಗಿ ಬಾದಾಮಿಗೆ ಹೋಗುವ ಬಸ್ಸು... ಅಷ್ಟು ದಿನ ಅದನ್ನು ಕೂಗಿದವಳು ನಾನು. ಎಂದೂ ಕೇಳಿಸಿಕೊಂಡಿರಲಿಲ್ಲ. ಆ ಊರುಗಳ ಹೆಸರನ್ನು ನಮ್ಮ ಮನೆಯವರು ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಇದೇ ಸಾಲಿನಲ್ಲಿ ಹೇಳುತ್ತಿದ್ದರು. ಬಾದಾಮಿ ಬಂದ ಕೂಡಲೇ ಅವಳನ್ನು ನಗಿಸಿ ಕೆಳಗೆ ಇಳಿಸುತ್ತಿದ್ದರು. ನಡುಬೀದಿಯಲ್ಲಿ, ಗಿರಾಕಿಗಳ ಮುಂದೆ, ಯೂನಿಫಾರ್ಮಿನಲ್ಲೇ, ಬಾಯಿ ಬಿಟ್ಟು ಅತ್ತೆ.

ಯಾರೋ ಹೆಣ್ಣುಮಗಳು, "ಖಾಲಾ, ನಂದೊಂದೀಟು ಮುಗಿಸು, ಬಸ್ಸು ಹೊಂಟೈತಿ," ಅಂದಳು.

"ಹೋಗ್ಲಿ. ಮತ್ತೊಂದು ಬರತೈತಿ," ಅಂದಳು ಖಾಲಾ. ನನ್ನ ಕೈ ಬಿಡಲಿಲ್ಲ, ಸುಮ್ಮನಿರು ಅನ್ನಲಿಲ್ಲ, ಕಣ್ಣೊರೆಸಿಕೋ ಎಂದೂ ಅನ್ನಲಿಲ್ಲ. ಎಷ್ಟು ಹೊತ್ತೋ ತಿಳಿಯದು. ಅಂದು ನಾನು ಡ್ಯೂಟಿಗೆ ತಡವಾಗಿ ಹೋದೆ, ಸ್ಟ್ಯಾಂಡ್ ಏನೂ ಮುಳುಗಿರಲಿಲ್ಲ. ಮನೆಗೆ ಹೋಗಿ ಮಗಳ ಮುಂದೆಯೂ ಅತ್ತೆ. ಅವಳು ಗಾಬರಿಯಾಗಲಿಲ್ಲ, ತಾನೂ ಅತ್ತಳು. ಅಪ್ಪನ ಬಗ್ಗೆ ಅವಳು ಮೊದಲ ಸಲ ಮಾತಾಡಿದ್ದು ಅಂದೇ. ಒಲೆ ಹಚ್ಚುವುದು ಮರೆತು ಇಬ್ಬರೂ ಪಂಚಮಿಯ ಉಳಿದ ಉಂಡಿ ತಿಂದು ಮಲಗಿದೆವು.

ಅದಾದ ಮೇಲೂ ಖಾಲಾ ಬಳೆಯ ಮಾತೆತ್ತಲಿಲ್ಲ. ಚಳಿಗಾಲ ಬಂದಿತ್ತು, ಒಂದು ದಿನ ನಾದುತ್ತ ನಾದುತ್ತ ನಿಂತು, "ಕೈ ಬಂತು ನೋಡು," ಅಂದಳು. ಯಾವ ಬಣ್ಣ ಎಂದು ಕೇಳಿದಳು. ಹಸಿರು ಅಂದೆ. ಗಂಡ ಇಲ್ಲದವಳು ಹಸಿರು ಕೇಳಿದಳಲ್ಲ ಎಂದು ಅವಳ ಮುಖದಲ್ಲಿ ಒಂದು ಗೆರೆಯೂ ಮೂಡಲಿಲ್ಲ. ಎಡಗೈಯ ಗಡಿಯಾರವನ್ನು ತಾನೇ ಬಿಚ್ಚಿ ನನ್ನ ಮಡಿಲಲ್ಲಿಟ್ಟು ಎರಡೂ ಕೈಗೆ ತೊಡಿಸಿದಳು. ಒಂದೂ ಒಡೆಯಲಿಲ್ಲ. ಬಾದಾಮಿಯಲ್ಲಿರುವ ನಾದಿನಿ ನೋಡಿ, "ವೈನಿ, ಮಂದಿ ಏನಂತಾರು?" ಅಂದಳು. "ಮಂದಿಗೆ ಭಾಳ ಕೆಲಸ ಅದಾವ," ಅಂದೆ. ಆಮೇಲೆ ಅವಳೂ ಸುಮ್ಮನಾದಳು, ಈಗ ಅವಳೇ ನನ್ನ ಪಾಲಿಗೆ ಅಕ್ಕತಂಗಿ ಎಲ್ಲ.

ಖಾಲಾ ಹೋಗಿ ವರ್ಷಗಳಾದವು. ಜ್ವರ ಬಂದಿತ್ತು, ಎರಡು ದಿನ ಅಂಗಡಿ ತೆಗೆದಿರಲಿಲ್ಲ, ಮೂರನೆಯ ಮುಂಜಾನೆ ಸುದ್ದಿ ಬಂತು. ಹೋಗಿ ಮುಖ ನೋಡಿದೆ. ಬಿಳಿ ಬಟ್ಟೆಯೊಳಗೆ ಸೇರಿಹೋಗಿದ್ದ ಆ ಕೈಗಳನ್ನು ನೋಡುವುದಾಗಲಿಲ್ಲ... ಅವಳು ಕೊನೆಯ ಸಲ ತೊಡಿಸಿದ ಬಳೆಗಳು ಆಮೇಲೆ ಒಂದೊಂದಾಗಿ ಹೋದವು. ಒಂದು ಕೊಡ ತುಂಬುವಾಗ, ಒಂದು ಬಾಗಿಲಿಗೆ ತಾಗಿ. ಕೊನೆಯದು ಇದೇ ಮೇಜಿಗೆ ಬಡಿದು ಒಡೆಯಿತು. ಅದರ ಚೂರನ್ನು ಕಸಕ್ಕೆ ಹಾಕಲು ಮನಸ್ಸು ಬರದೆ ಡ್ರಾಯರಿಗೆ ಹಾಕಿದ್ದೆ. ಈಗ ಪೇಟೆಯಲ್ಲಿ ಬಳೆ ಅಳತೆಯ ಡಬ್ಬಿಯಲ್ಲಿ ಬರುತ್ತವೆ, ಅವರವರೇ ಏರಿಸಿಕೊಳ್ಳುತ್ತಾರೆ. ಗೇಟಿನ ಪಕ್ಕದ ಜಾಗದಲ್ಲಿ ಮೊಬೈಲ್ ಕವರು ಮಾರುತ್ತಾರೆ. ನನ್ನ ಹೆಬ್ಬೆರಳ ಬುಡ ಈಗಲೂ ಒಮ್ಮೊಮ್ಮೆ ಬಿಗಿಯುತ್ತದೆ. ನಾನೇ ಒತ್ತಿಕೊಂಡು ನೋಡಿದ್ದೇನೆ, ನಮ್ಮ ಕೈಯನ್ನು ನಾವೇ ಒತ್ತಿಕೊಂಡರೆ ಅದು ಸಡಿಲುವುದಿಲ್ಲ.

ಮೊನ್ನೆ ಹೀಗೆ ಚೂರು ಹಿಡಿದು ಕುಳಿತಿದ್ದಾಗಲೇ ಮಗಳು ಬಂದಳು. ಈಗ ಹುನಗುಂದದ ದವಾಖಾನೆಯಲ್ಲಿ ನರ್ಸ್. ಇಬ್ಬರೂ ಬಾದಾಮಿಗೆ, ನಾದಿನಿಯ ಮನೆಗೆ ಹೊರಡಬೇಕಿತ್ತು. ನನ್ನ ಬೆರಳು ನೋಡಿ, ಬ್ಯಾಗು ಇಳಿಸಿ, ಒರೆಸಿ ಪಟ್ಟಿ ಹಚ್ಚಿದಳು. ಹಚ್ಚಿದ ಮೇಲೂ ಕೈ ಬಿಡಲಿಲ್ಲ. ಮೇಜಿನ ಮೇಲಿನ ಹಸಿರು ಚೂರು ನೋಡಿದಳು, ನನ್ನ ಮುಖ ನೋಡಿದಳು. ಮೆಲ್ಲಗೆ ನನ್ನ ಬೆರಳುಗಳನ್ನು ಕೂಡಿಸಿ ಹೆಬ್ಬೆರಳ ಬುಡ ನಾದತೊಡಗಿದಳು. ಅದೇ ಒತ್ತು, ಅದೇ ತಿರುವು. ಸಣ್ಣವಳಿದ್ದಾಗ ಮಣೆಯ ಪಕ್ಕ ಕುಳಿತು ನೋಡಿದ್ದು ಇಷ್ಟು ವರ್ಷ ಅವಳ ಕೈಯಲ್ಲಿ ಉಳಿದಿತ್ತು. "ಇವತ್ತ ಏನ್ ಪಲ್ಯ ಮಾಡಿದ್ದಿ ಯವ್ವಾ?" ಅಂದಳು. ನನ್ನ ಕಣ್ಣು ತುಂಬಿದವು. ಖಾಲಾ ನೋಡಬೇಕಿತ್ತು, ಅವಳಿಲ್ಲ.

ಮೈಕಿನಲ್ಲಿ ಜೊತೆಯವರು ಬಾದಾಮಿ ಬಸ್ಸು ಕೂಗಿದರು. ಮಗಳು ಅವಸರದಿಂದ ಬ್ಯಾಗಿಗೆ ಕೈ ಹಾಕಿದಳು.

"ಹೋಗ್ಲಿ," ಅಂದೆ. "ಇನ್ನೊಂದು ಕೈ ಉಳಿದೈತಿ."