ಸಾಂಪ್ರದಾಯಿಕ ಎಂದು ಬರೆದವಳು ನಾನು

ಕಳೆದ ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆಯಿಂದ ರಾತ್ರಿಯವರೆಗೆ ರೇಡಿಯೊದಲ್ಲಿ ಬರೀ ಶಾಸ್ತ್ರೀಯ ಸಂಗೀತ ಮತ್ತು ಕಲೆಯ ಕಾರ್ಯಕ್ರಮಗಳಿದ್ದವು. ಹನ್ನೊಂದೂವರೆಗೆ ನನ್ನ ಹಾಡು. ನಲವತ್ತಾರನೆಯ ವಯಸ್ಸಿನಲ್ಲಿ ಮೊದಲ ಸಲ ನನ್ನ ದನಿ ರೇಡಿಯೊದಲ್ಲಿ ಬರುವುದಿತ್ತು. ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು ನಾನು. ಸ್ಟಾಫ್ ರೂಮಿನಲ್ಲಿ, ಓಣಿಯಲ್ಲಿ, ಇಂಡಿಯಲ್ಲಿರುವ ತವರಿಗೆ ಫೋನಿನಲ್ಲಿ, ಹೀಗೆ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡಿದ್ದೆ. ಆದರೆ ಆ ದಿನ ಬಸವನ ಬಾಗೇವಾಡಿಯ ಬಸ್ಸು ಹೂವಿನ ಹಿಪ್ಪರಗಿ ದಾಟುವಾಗ, ಏನಾದರೂ ತೊಂದರೆಯಾಗಿ ನನ್ನ ಹಾಡು ಬಾರದೇ ಹೋಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ ಕೂತಿದ್ದೆ.

ಬಾಗೇವಾಡಿಯಲ್ಲಿ ನನ್ನ ಗುರುಗಳಿದ್ದಾರೆ. ನಾವೆಲ್ಲ ಅವರಿಗೆ ಅಕ್ಕಾರು ಅನ್ನುತ್ತೇವೆ. ಹನ್ನೊಂದು ವರ್ಷಗಳಿಂದ ಪ್ರತಿ ಭಾನುವಾರ ಅವರ ಮುಂದೆ ಕೂತು ಸಂಗೀತ ಕಲಿಯುತ್ತಿದ್ದೇನೆ. ನಾನು ಕಲಿಯಲು ಹೋಗುವುದಕ್ಕೆ ಮೊದಲೇ ಅವರಿಗೆ ಕೊರಳಿನ ಆಪರೇಷನ್ ಆಗಿತ್ತು. ಗಡ್ಡೆ ಹೋಯಿತು, ದನಿಯೂ ಹೋಯಿತು. ಮಾತಾಡಿದರೆ ಒಣ ಎಲೆ ತುಳಿದಂಥ ಸಪ್ಪಳ. ಹಾರ್ಮೋನಿಯಂ ಬಾರಿಸಿ, ಪಿಸುಮಾತಿನಲ್ಲಿ ಅಕ್ಷರ ಹೇಳಿ, ಕೈಯಿಂದ ಗಾಳಿಯಲ್ಲಿ ಸ್ವರದ ದಾರಿ ತೋರಿಸಿ ಕಲಿಸುತ್ತಿದ್ದರು.

ಆಸ್ಪತ್ರೆಯಿಂದ ಬಂದ ವರ್ಷ, ಮೂರು ತಿಂಗಳು ಮಾತೇ ಆಡಬಾರದು ಎಂದು ಡಾಕ್ಟರು ಅಂದಿದ್ದಾಗ, ಅವರು ವೃಂದಾವನಿ ಸಾರಂಗ ರಾಗದಲ್ಲಿ ಒಂದು ಬಂದಿಶ್, ಅಂದರೆ ಹಾಡಿನ ರಚನೆ, ಕಟ್ಟಿದ್ದರು. ಅದೂ ಕನ್ನಡದಲ್ಲಿ. 'ಬಿಸಿಲ ತಾಸು ಸರಿಯಲಿ ತಾಳವ್ವ, ಬರುವ ಗಾಳಿ ಬರುತಾದ.' ಕಟ್ಟಿದವರು ಅದನ್ನು ಒಮ್ಮೆಯೂ ಹಾಡಿರಲಿಲ್ಲ, ಹಾಡುವಂತಿರಲಿಲ್ಲ. ಅದನ್ನು ನನಗೆ ಕಲಿಸಿದರು. ರೇಡಿಯೊದಲ್ಲಿ ಹಾಡಲು ನಾನು ಆಯ್ಕೆಯಾದಾಗ "ಇದನ್ನ ಹಾಡು. ನಾ ಕಟ್ಟಿದ್ದನ್ನ ನಾನೂ ಒಮ್ಮೆ ಮಂದಿ ಹಂಗ ಕೂತು ಕೇಳ್ತೇನಿ" ಅಂದಿದ್ದರು.

ರೆಕಾರ್ಡಿಂಗಿನ ದಿನ ರೇಡಿಯೊದವರು ಒಂದು ಫಾರ್ಮ್ ಕೊಟ್ಟರು. ರಾಗ, ತಾಳ, ಸಾಥಿದಾರರು, ಆಮೇಲೆ ರಚನೆ ಯಾರದು. ಈಗಿನವರ ಸ್ವಂತ ರಚನೆಯಾದರೆ ಅವರ ಒಪ್ಪಿಗೆ ಪತ್ರ ಬೇಕು, ಪತ್ರ ಇಲ್ಲದಿದ್ದರೆ ಇನ್ನೊಂದು ದಿನ ಬರ್ರಿ ಅಂದರು. ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತೆ. ಆಮೇಲೆ 'ಸಾಂಪ್ರದಾಯಿಕ' ಎಂದು ಬರೆದೆ. ಹಿಂದಿನಿಂದ ಬಂದದ್ದು, ಯಾರದೆಂದು ಗೊತ್ತಿಲ್ಲ ಎಂದು ಅದರ ಅರ್ಥ. ರಜೆ ಮತ್ತೆ ಸಿಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅಕ್ಕಾರ ಹೆಸರು ಬಂದರೆ ಮೆಚ್ಚುವವರು ಅವರನ್ನು ಮೆಚ್ಚುತ್ತಾರೆ, ಒಂದು ಸಲವಾದರೂ ಬರೀ ನನ್ನ ಹೆಸರು ಕೇಳಲಿ ಅನ್ನುವ ಆಸೆ ಒಳಗೆ ಕೂತಿತ್ತು. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು.

ಆ ಭಾನುವಾರ ನಾನು ಹೋಗಿ ಮುಟ್ಟಿದಾಗ ಅಕ್ಕಾರ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ರೇಡಿಯೊದಲ್ಲಿ ಸಿತಾರಿನ ಮೇಲೆ ತೋಡಿ ರಾಗ ನಡೆದಿತ್ತು. ಸಿಂದಗಿಯಿಂದ ನಿವೃತ್ತ ಪೋಸ್ಟ್ ಮಾಸ್ತರರು ಬಂದಿದ್ದರು. ಅಕ್ಕಾರು ಹಾಡುತ್ತಿದ್ದ ಕಾಲದಿಂದ ಅವರಿಗೆ ತಬಲಾ ಸಾಥಿ ಕೊಟ್ಟವರು. ಅಕ್ಕಾರು ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟಿದ್ದರು. ಮನೆಯಲ್ಲಿ ಅವರು ಹಾಗೆ ಉಟ್ಟದ್ದನ್ನು ನಾನು ನೋಡಿರಲಿಲ್ಲ.

"ನಾಷ್ಟಾ ಮಾಡಿ ಬಂದಿಯೇನ?" ಕೇಳಿದರು.

"ಹಸಿವಿಲ್ರಿ ಅಕ್ಕಾರ."

"ಅಂಜಿಕಿ ಅದು. ರೆಕಾರ್ಡ್ ಆಗಿ ಹೋಗೇತಿ, ಇನ್ನೇನ್ ಅಂಜೂದು?"

ಬಸ್ಸಿನಲ್ಲಿದ್ದಾಗ, ಇಳಿದ ಕೂಡಲೇ ಹೇಳಿಬಿಡಬೇಕು ಅಂದುಕೊಂಡಿದ್ದೆ. ಆ ಸೀರೆ ನೋಡಿದ ಮೇಲೆ ಬಾಯಿ ಬರಲಿಲ್ಲ. ಸಿತಾರ ಮುಗಿಯಿತು, ತೊಗಲು ಗೊಂಬೆ ಮಾಡುವವರೊಬ್ಬರ ಸಂದರ್ಶನ ಬಂತು. ಚರ್ಮ ಹದ ಮಾಡುವುದನ್ನು ಅವರು ವಿವರಿಸುತ್ತಿದ್ದರೆ ಮಾಸ್ತರರು ಆಸಕ್ತಿಯಿಂದ ತಲೆದೂಗುತ್ತಿದ್ದರು. ನನಗೆ ಗೋಡೆಯ ಗಡಿಯಾರದ ಮುಳ್ಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಹನ್ನೊಂದೂವರೆಗೆ ಉದ್ಘೋಷಕಿ ನನ್ನ ಹೆಸರು ಹೇಳಿದಳು, ಊರು ಹೇಳಿದಳು. "ವೃಂದಾವನಿ ಸಾರಂಗ ರಾಗದಲ್ಲಿ, ತೀನ್ ತಾಳದಲ್ಲಿ ಒಂದು ಸಾಂಪ್ರದಾಯಿಕ ರಚನೆ" ಅಂದಳು.

ಅಕ್ಕಾರ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಅವರ ಕೈ ನೋಡಿದೆ. ಮೊಣಕಾಲ ಮೇಲೆ ತಾಳ ಹಾಕಲು ಎತ್ತಿದ್ದ ಕೈ ಹಾಗೇ ಸ್ವಲ್ಪ ಹೊತ್ತು ನಿಂತು ಕೆಳಗಿಳಿಯಿತು. ಇಪ್ಪತ್ತೈದು ನಿಮಿಷ ನನ್ನದೇ ದನಿ ಆ ಪಡಸಾಲೆಯಲ್ಲಿ ತುಂಬಿಕೊಂಡಿತ್ತು. ಚೆನ್ನಾಗಿಯೇ ಹಾಡಿದ್ದೆ. ಅದು ಇನ್ನಷ್ಟು ಸಂಕಟ ಕೊಟ್ಟಿತು.

ಮುಗಿದ ಕೂಡಲೇ ಮಾಸ್ತರರು ಅಂದರು: "ಸಾಂಪ್ರದಾಯಿಕ ಅಂದ್ರಲ್ರಿ? ನಿಮ್ಮ ರಚನಿ ಅಲ್ಲೇನ್ರಿ ಅದು? ನೀವು ಹಾಳಿ ಮ್ಯಾಲ ಬರದು ತೋರಿಸಿದ್ದು, ನಾನು ತಬಲಾದ ಮ್ಯಾಲ ಠೇಕಾ ಹಿಡದದ್ದು ನೆನಪೈತಿ ನನಗ."

"ಅವರಿಗೇನ್ ಗೊತ್ತು, ಬಿಡ್ರಿ" ಅಂದರು ಅಕ್ಕಾರು. ನನ್ನ ಕಡೆ ತಿರುಗಿ "ಚಲೋ ಹಾಡೀದಿ. ಅಂತರಾ ಹಾಡೂವಾಗ ಗಡಿಬಿಡಿ ಮಾಡಲಿಲ್ಲ" ಅಂದರು. ರೊಟ್ಟಿ ಬಡಿಸಲು ಎದ್ದು ಹೋದರು.

ಊಟಕ್ಕೆ ಕೂತೆವು. ರೊಟ್ಟಿ, ಎಣಗಾಯಿ, ಮೊಸರು. ನನ್ನ ಫೋನು ಸುಮ್ಮನಿರಲಿಲ್ಲ. ಶಾಲೆಯಿಂದ, ತವರಿನಿಂದ ಅಭಿನಂದನೆಯ ಸಂದೇಶಗಳು ಬರುತ್ತಲೇ ಇದ್ದವು. ಅದನ್ನು ಬೋರಲು ಹಾಕಿ ತೊಡೆಯ ಕೆಳಗೆ ಇಟ್ಟುಕೊಂಡೆ. ಮಾಸ್ತರರಿಗೆ ಮಾತ್ರ ಸಮಾಧಾನವಿರಲಿಲ್ಲ. ಊಟವಾದ ಮೇಲೆ ಒಂದು ಹಾಳೆ ಇಸಿದುಕೊಂಡು, ಕನ್ನಡಕ ಏರಿಸಿ, ರೇಡಿಯೊದವರಿಗೆ ತಕರಾರು ಬರೆಯಲು ಕೂತರು. ರೇಡಿಯೊದಲ್ಲಿ ಹಳೆಯ ನಾಟಕ ಕಂಪನಿಗಳ ಬಗ್ಗೆ ಭಾಷಣ ನಡೆದಿತ್ತು. ಅದರ ನಡುವೆಯೇ ಮಾಸ್ತರರು ಬರೆದದ್ದನ್ನು ಗಟ್ಟಿಯಾಗಿ ಓದಿದರು. ಅದರಲ್ಲಿ 'ನಿಮ್ಮ ಸಿಬ್ಬಂದಿಯ ಅಕ್ಷಮ್ಯ ನಿರ್ಲಕ್ಷ್ಯ' ಎಂದಿತ್ತು.

ಇನ್ನು ಸುಮ್ಮನಿರಲು ಆಗಲಿಲ್ಲ.

"ಅವರ ತಪ್ಪಲ್ರಿ ಮಾಸ್ತರ. ಫಾರ್ಮಿನ್ಯಾಗ ಹಂಗ ಬರದಾಕಿ ನಾನ."

ಮಾಸ್ತರರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಅಕ್ಕಾರು ಎದ್ದು ರೇಡಿಯೊದ ದನಿ ಸಣ್ಣ ಮಾಡಿದರು. ಪೂರ್ತಿ ಬಂದ್ ಮಾಡಲಿಲ್ಲ.

"ಯಾಕ ಬರದಿ?"

"ಒಪ್ಪಿಗಿ ಪತ್ರ ಬೇಕಂದ್ರು. ಕೈಯಾಗ ಇರಲಿಲ್ರಿ."

"ಫೋನ್ ಮಾಡಿದ್ರ ಅವತ್ತ ಬರದು ಕಳಸ್ತಿದ್ದೆ. ಎಲ್ಲಾರ ಕೈಯಾಗೂ ಫೋಟೋ ಬರೂ ಫೋನ್ ಅದಾವ." ಬೈದ ದನಿಯಲ್ಲ, ಲೆಕ್ಕ ತಪ್ಪಿದ ಹುಡುಗಿಗೆ ನಾನು ಬೋರ್ಡಿನ ಮೇಲೆ ತೋರಿಸುವ ಹಾಗೆ ಹೇಳಿದರು. "ಬ್ಯಾರೆ ಏನಾರ ಇತ್ತೇನ?"

"ಇತ್ರಿ" ಅಂದೆ. ಅದೇನೆಂದು ಅವರು ಕೇಳಲಿಲ್ಲ.

ರೇಡಿಯೊ ಕಡೆ ಮುಖ ಮಾಡಿ ಅಂದರು: "ನನ್ನ ದನಿ ಹೋದಾಗ ಇಷ್ಟ್ ಕೆಟ್ಟ ಅನಿಸಿರಲಿಲ್ಲ ನೋಡು. ಅದು ಜಡ್ಡಿನಿಂದ ಹೋತು."

ಮಾಸ್ತರರು ಆ ಹಾಳೆಯನ್ನು ಮಡಚಿ ಕಿಸೆಯಲ್ಲಿ ಇಟ್ಟುಕೊಂಡು, ಸಿಂದಗಿ ಬಸ್ಸಿಗೆ ಹೊತ್ತಾಯಿತು ಎಂದು ಎದ್ದರು. ನನಗೆ ಹೋಗಿ ಬರ್ತೇನಿ ಅನ್ನಲಿಲ್ಲ. ನಾನು ಸಂಜೆಯ ಮುಲ್ತಾನಿ ರಾಗ ಮುಗಿಯುವವರೆಗೆ ಕೂತಿದ್ದೆ. ಏಳು ಎಂದು ಅಕ್ಕಾರು ಅನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಇಬ್ಬರೂ ರೇಡಿಯೊ ಕೇಳಿದೆವು.

ಮರುದಿನ ನಾನೇ ರೇಡಿಯೊದವರಿಗೆ ನಡೆದದ್ದೆಲ್ಲ ಬರೆದೆ. ಅಕ್ಕಾರನ್ನು ಒಪ್ಪಿಗೆ ಪತ್ರ ಕೇಳಿದಾಗ ಆಗಲೇ ಬರೆದುಕೊಟ್ಟರು. ಎರಡು ತಿಂಗಳ ಮೇಲೆ ಅಲ್ಲಿಂದ ಫೋನ್ ಬಂತು: ದಾಖಲೆ ತಿದ್ದಿದ್ದೇವೆ, ಮುಂದೆ ಮರುಪ್ರಸಾರ ಮಾಡಿದರೆ ಅವರ ಹೆಸರು ಹೇಳುತ್ತೇವೆ ಅಂದರು. ಆ ಮರುಪ್ರಸಾರ ಇನ್ನೂ ಆಗಿಲ್ಲ. ಸ್ಟಾಫ್ ರೂಮಿನಲ್ಲೂ ಹೇಳಿದೆ, ಆ ರಚನೆ ನಮ್ಮ ಗುರುಗಳದು ಎಂದು. "ಹೌದೇನ್ರಿ?" ಅಂದು ಅವರು ತಮ್ಮ ಮಾತಿಗೆ ಮರಳಿದರು. ಅವರಿಗೆ ಅದರಿಂದ ಏನೂ ಬದಲಾಗಿರಲಿಲ್ಲ.

ಅಕ್ಕಾರು ಪಾಠ ನಿಲ್ಲಿಸಲಿಲ್ಲ. ಮುಂದಿನ ಭಾನುವಾರ ಹೋದಾಗ ಎಂದಿನಂತೆ ಚಹಾ ಕೊಟ್ಟು, ಹಾರ್ಮೋನಿಯಂ ಎಳೆದುಕೊಂಡರು. ಆದರೆ ಅಂದಿನಿಂದ ನನಗೆ ಕಲಿಸುವುದೆಲ್ಲ ಅಚ್ಚಾದ ಪುಸ್ತಕದಲ್ಲಿರುವ ಬಂದಿಶ್‌ಗಳು. ತಾವು ಕಟ್ಟಿದ್ದು ಒಂದನ್ನೂ ಹೇಳಿಕೊಟ್ಟಿಲ್ಲ. ಮಧುವಂತಿ ರಾಗದಲ್ಲಿ ಹೊಸದೊಂದು ಕಟ್ಟಿದ್ದಾರೆಂದು ಮಾಸ್ತರರು ಹೋದ ತಿಂಗಳು ಹೇಳಿದರು. ಅದನ್ನು ಹೇಳಿಕೊಡ್ರಿ ಎಂದು ಕೇಳಬೇಕು ಅಂತ ಎರಡು ಭಾನುವಾರ ಅಂದುಕೊಂಡೆ, ಕೇಳಲಿಲ್ಲ. ಕೊಡುವುದು ಬಿಡುವುದು ಅವರದು. ಪುಸ್ತಕದಲ್ಲಿದ್ದದ್ದನ್ನೇ ಕಲಿತು, ನಾಲ್ಕೂವರೆಯ ಬಸ್ಸಿಗೆ ಮುದ್ದೇಬಿಹಾಳಕ್ಕೆ ಬರುತ್ತೇನೆ.